ಒಂದು ಚಾಪೆಯಷ್ಟು ಜಾಗ

ನಮ್ಮೂರಿನಲ್ಲಿ ಅಮಾವಾಸ್ಯೆಗೊಮ್ಮೆ ಬರುವ ಗುಡಿಸುವ ದಿನ ಗಂಟೆ ಹೊಡೆದರೆ ಎಲ್ಲರೂ ಇದ್ದಲ್ಲೇ ಇದ್ದ ಹಾಗೇ ನಿಲ್ಲಬೇಕು. ಕೈಯ ತುತ್ತು ಬಾಯಿಗೆ ನಾಲ್ಕು ಬೆರಳು ದೂರದಲ್ಲಿದ್ದರೆ ಅಲ್ಲೇ ನಿಂತಿತು. ಜಗಳವಾಡುತ್ತಿದ್ದವರು ಬೈಗುಳವನ್ನು ಅರ್ಧಕ್ಕೇ ಹಿಡಿದುಕೊಳ್ಳಬೇಕು. ಎಷ್ಟೋ ಜಗಳಗಳು ಹಾಗೇ ಮುಗಿದಿವೆ, ಏಕೆಂದರೆ ಎರಡನೇ ಗಂಟೆ ಹೊಡೆಯುವ ಹೊತ್ತಿಗೆ ಮಿಕ್ಕ ಅರ್ಧ ಮರೆತುಹೋಗಿರುತ್ತದೆ. ಆಗ ಓಡಾಡುವವರು, ಗಂಟೆ ಹೊಡೆಯುವವನನ್ನು ಬಿಟ್ಟರೆ, ಗುಡಿಸುವ ಹೆಂಗಸರು ನಾವು ಏಳು ಜನ ಮಾತ್ರ. ಪೊರಕೆ ನಮ್ಮ ಕೈಯಲ್ಲಿರುವುದಿಲ್ಲ, ಸುಣ್ಣದ ಕುಡಿಕೆ ಇರುತ್ತದೆ. ನಿಂತ ಒಬ್ಬೊಬ್ಬರ ಹತ್ತಿರ ಹೋಗಿ, ಅವರ ಸೊಂಟದಿಂದ ಹೊರಟ ದಾರ ಹಿಡಿದು ನಡೆಯುತ್ತೇವೆ. ದಾರ ಯಾವುದನ್ನು ಮುಟ್ಟಿದೆಯೋ ಅದಕ್ಕೊಂದು ಸುಣ್ಣದ ಬೊಟ್ಟು. ಅಲ್ಲಿಂದ ಇನ್ನೊಂದು ದಾರ ಹೊರಟಿದ್ದರೆ ಅದರ ಹಿಂದೆಯೂ ಹೋಗಬೇಕು, ಅದರ ಕೊನೆಗೂ ಒಂದು ಬೊಟ್ಟು. ಎರಡನೇ ಗಂಟೆ ಹೊಡೆದಾಗ ಬೊಟ್ಟು ಬಿದ್ದದ್ದು ಉಳಿಯುತ್ತದೆ. ಬೊಟ್ಟಿಲ್ಲದ್ದರ ಜಾಗದಲ್ಲಿ ಬರಿ ನೆಲ.

ಈ ಕೆಲಸ ನನಗೆ ಅತ್ತೆಯಿಂದ ಬಂತು. ಅತ್ತೆ ನನಗೆ ಕಲಿಸಿದ್ದು ಒಂದೇ ಪಾಠ: ಬದುಕಿರುವ ಮನುಷ್ಯ ಹಿಡಿದ ದಾರ ಎಂಥ ಕೊಳಕು ಗಡಿಗೆಗೆ ಹೋದರೂ ಬೊಟ್ಟು ಇಡಬೇಕು, ಯಾರೂ ಹಿಡಿಯದ್ದು ಚಿನ್ನದ ಬುಗುಡಿಯಾದರೂ ಇಡಬಾರದು. ಬೇಕೋ ಬೇಡವೋ ಎಂದು ಯೋಚಿಸುವುದು ದಾರ ಹಿಡಿದವರ ಪಾಲಿನದು, ನಮ್ಮ ಪಾಲಿನದಲ್ಲ. ನಾನು ಸಾಕಮ್ಮ, ಮೂವತ್ತೊಂದು ವರ್ಷ ಹೀಗೇ ಬೊಟ್ಟು ಇಡುತ್ತ ಬಂದೆ. ಒಂದೇ ಒಂದು ಸಲ ನನ್ನ ಬೆರಳು ಅಳೆದೂ ಸುರಿದೂ ನಿಂತಿತು. ಆ ಕತೆ ಇದು.

ಇನ್ನೊಂದು ವಿಷಯ ಹೇಳಬೇಕು. ನಮ್ಮವರು ಬೇಕಾಗುವ ಮೊದಲು ಏನನ್ನೂ ಮಾಡುವವರಲ್ಲ. ಕುಂಬಾರನ ಹತ್ತಿರ ಮಡಕೆ ಕೇಳಿದರೆ ಅವನು ದಾರದಲ್ಲಿ ಒಂದು ಗಂಟು ಹಾಕಿ ಕೊಡುತ್ತಾನೆ. ಮಡಕೆ ಬೇಕಾದ ದಿನ ಗಂಟು ಬಿಚ್ಚಿದರೆ ಮಡಕೆ ಕೈಗೆ ಬರುತ್ತದೆ, ಆವಿಗೆಯ ಬಿಸಿಯೂ ಆರಿರುವುದಿಲ್ಲ. ಬಿಚ್ಚುವ ತನಕ ಅದಕ್ಕೆ ಬೇಕಾದ ಜೇಡಿಮಣ್ಣು, ನೀರು, ಸೌದೆ ಎಲ್ಲವನ್ನೂ ಆ ಗಂಟು ಹಿಡಿದುಕೊಂಡಿರುತ್ತದೆ, ಅವನ್ನು ಯಾರೂ ಅತ್ತಿತ್ತ ಸರಿಸುವಂತಿಲ್ಲ. ನನ್ನ ಮದುವೆಗೆ ಸೋದರಮಾವ ಹೋಳಿಗೆಯ ಗಂಟು ಕೊಟ್ಟಿದ್ದ. ಒಳ್ಳೆಯ ದಿನ ಬರಲಿ, ಬಿಚ್ಚೋಣ ಎಂದು ಇಪ್ಪತ್ತು ವರ್ಷ ಇಟ್ಟುಕೊಂಡೆವು. ಆ ಇಪ್ಪತ್ತು ವರ್ಷವೂ ಬೇಳೆ, ಬೆಲ್ಲ, ಒರಳುಕಲ್ಲು ನಮ್ಮ ಪಡಸಾಲೆಯ ನಡುವೆಯೇ ಕೂತಿದ್ದವು, ದಿನಕ್ಕೊಬ್ಬರು ಎಡವುತ್ತಿದ್ದರು. ಕೊನೆಗೆ ಬಿಚ್ಚಿ ತಿಂದೆವು. ಹೋಳಿಗೆ ಚೆನ್ನಾಗಿತ್ತು. ಅದಕ್ಕಿಂತ ಚೆನ್ನಾಗಿದ್ದದ್ದು ಮುಂದಿನ ಅಮಾವಾಸ್ಯೆ ಗುಡಿಸಿದ ಮೇಲೆ ಸಿಕ್ಕ ಪಡಸಾಲೆ.

ಎಲ್ಲರ ಮನೆಯ ದೋಸೆಯೂ ತೂತೇ. ಎಲ್ಲರೂ ಒಂದಷ್ಟು ಗಂಟು ಬಿಚ್ಚದೆ ಇಟ್ಟುಕೊಂಡವರೇ. ಆದರೆ ನನ್ನ ಮಗಳು ಚೆಲುವಿ ಬಸುರಿಯಾದ ವರ್ಷ ಊರು ತುಂಬಿಹೋಯಿತು. ಓಣಿಯಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳುತ್ತಿರಲಿಲ್ಲ. ಗುಡಿಸುವ ಕೆಲಸ ಮೊದಲೆಲ್ಲ ಬೆಳಗಿನ ಗಂಜಿ ಆರುವಷ್ಟರಲ್ಲಿ ಮುಗಿಯುತ್ತಿತ್ತು. ಈಗ ಹೊತ್ತು ಇಳಿದರೂ ಮುಗಿಯದು, ಜನ ನಿಂತು ನಿಂತು ಕಾಲು ಜೋಮು ಹಿಡಿಸಿಕೊಂಡು ನಮ್ಮನ್ನು ಶಪಿಸುತ್ತಿದ್ದರು. ಅಷ್ಟು ನಡೆದರೂ ಬೊಟ್ಟಿಲ್ಲದ ವಸ್ತು ಒಂದು ಹಿಡಿಯಷ್ಟೂ ಸಿಗುತ್ತಿರಲಿಲ್ಲ.

ನಮ್ಮೂರಿನಲ್ಲಿ ಮಗು ಹುಟ್ಟಬೇಕಾದರೆ ಒಂದು ಚಾಪೆ ಹಾಸುವಷ್ಟು ಬರಿ ನೆಲ ಬೇಕು. ಏನೂ ಇರದ, ಯಾವ ದಾರವೂ ಹಾಯದ ನೆಲ. ಅದು ಸಿಗದಿದ್ದರೆ ನೋವು ಬರುತ್ತದೆ, ಜಾಗ ನೋಡುತ್ತದೆ, ವಾಪಸು ಹೋಗುತ್ತದೆ. ಚೆಲುವಿಗೆ ಹಾಗೆ ನಾಲ್ಕು ಸಲ ಬಂದು ಹೋಗಿತ್ತು. ಹನ್ನೊಂದು ತಿಂಗಳು ತುಂಬಿತ್ತು. ಹಿಂದಿನ ವರ್ಷ ನೇಕಾರರ ಸೊಸೆ ಹದಿನಾಲ್ಕು ತಿಂಗಳು ಕಾದು, ಇನ್ನು ತಡೆಯಲಾರೆ ಎಂದು ಊರ ಹೊರಗಿನ ದಾರಿ ಹಿಡಿದಳು. ನಮ್ಮೂರು ಬಿಟ್ಟವರಿಗೆ ಮರಳುವ ದಾರಿ ಸಿಗುವುದಿಲ್ಲ. ಅವಳಿಗೆ ಹೆಣ್ಣೋ ಗಂಡೋ ನಮಗೆ ಇವತ್ತಿಗೂ ತಿಳಿಯದು. ಚೆಲುವಿ ಆಗಾಗ ಹೊಸಿಲಲ್ಲಿ ನಿಂತು ಆ ದಾರಿಯ ಕಡೆ ನೋಡುವುದನ್ನು ಕಂಡು ಏನಾದರೊಂದು ಕೆಲಸದ ನೆವದಲ್ಲಿ ಅವಳನ್ನು ಒಳಗೆ ಕರೆಯುತ್ತಿದ್ದೆ.

ಊರು ತುಂಬಿದ್ದು ಯಾವುದರಿಂದ ಎಂದು ಗುಡಿಸುವವರಾದ ನಮಗೆ ಗೊತ್ತಿಲ್ಲದೆ ಇರುತ್ತದೆಯೇ? ಅರ್ಧ ಊರು ತುಂಬಿದ್ದು ತಿರುಮಕ್ಕನ ಸೊಂಟದ ಒಂದೇ ಒಂದು ದಾರದಿಂದ.

ತಿರುಮಕ್ಕನ ಗಂಡ ಬೋರಯ್ಯ ಕಣದಲ್ಲಿ ರಾಗಿ ಅಳೆಯುವವನು. ಎಣಿಸುವುದು ಅವನಿಗೆ ಕೆಲಸವೂ ಹೌದು, ಚಟವೂ ಹೌದು. ಮದುವೆಯಾದ ಹೊಸದರಲ್ಲಿ ಅವನು, "ನೀನು ನನ್ನ ಮನೇಲಿ ಎಷ್ಟು ಸಲ ನಕ್ಕೆ ಅಂತ ಒಂದಿನ ಲೆಕ್ಕ ಹೇಳ್ತೀನಿ ನೋಡು" ಎಂದಿದ್ದನಂತೆ. ಪ್ರತಿದಿನ ಸಂಜೆ ಒಂದು ಗಂಟು ಹಾಕಿದ. ಕೂಡಿಸಿ ಕೂಡಿಸಿ ಇಟ್ಟಿದ್ದರೆ ಯಾವ ತೊಂದರೆಯೂ ಇರಲಿಲ್ಲ, ಆದರೆ ನಮ್ಮೂರಿನವನಲ್ಲವೇ, ಬೇಕಾದಾಗ ಕೂಡಿಸಿದರಾಯಿತು ಎಂದುಕೊಂಡ. ಒಂದೊಂದು ಗಂಟಿನ ಅರ್ಥವೂ ಇಷ್ಟೇ: ನಿನ್ನೆಯ ಗಂಟಿನದಕ್ಕೆ ಇವತ್ತಿನದನ್ನು ಸೇರಿಸು. ಇವತ್ತಿನದು ಎಂದರೆ ಇಡೀ ಇವತ್ತು. ಆಡು ಮಜ್ಜಿಗೆ ಗಡಿಗೆಗೆ ತಲೆ ಹಾಕಿ ಓಡಿದ್ದಕ್ಕೆ ಅವಳು ನಕ್ಕಿದ್ದರೆ ಆ ಗಡಿಗೆ, ಆಡಿನ ಹಗ್ಗ, ಅದು ಕೆಡವಿದ ಬೇಲಿ ಎಲ್ಲವೂ ಆ ಗಂಟಿನಲ್ಲಿ. ಹನ್ನೆರಡು ವರ್ಷಕ್ಕೆ ನಾಲ್ಕು ಸಾವಿರದ ಚಿಲ್ಲರೆ ಗಂಟಾಯಿತು. ಹದಿಮೂರನೆಯ ವರ್ಷ ಕಣದಲ್ಲಿ ರಾಗಿ ಅಳೆಯುತ್ತಲೇ ಬೋರಯ್ಯ ಕುಸಿದು ಹೋದ. ದಾರ ತಿರುಮಕ್ಕನ ಸೊಂಟಕ್ಕೆ ಬಂತು. ಅವಳು ಬಿಚ್ಚಲಿಲ್ಲ. ಬಿಚ್ಚಿದರೆ ಬರುವುದು ಒಂದು ಸಂಖ್ಯೆ. ಬಿಚ್ಚದಿದ್ದರೆ ಹನ್ನೆರಡು ವರ್ಷದ ದಿನಗಳು ಊರ ತುಂಬ ಹಾಗೇ ಇರುತ್ತವೆ. ಯಾರು ತಾನೇ ಬಿಚ್ಚುತ್ತಾರೆ?

ಆ ಅಮಾವಾಸ್ಯೆ ತಿರುಮಕ್ಕನ ಓಣಿ ನನ್ನ ಪಾಲಿಗೆ ಬಂತು. ಅವಳು ಬಾವಿಕಟ್ಟೆಯಲ್ಲಿ ಬಿಂದಿಗೆ ಎತ್ತುವ ಭಂಗಿಯಲ್ಲೇ ನಿಂತಿದ್ದಳು. ಎಪ್ಪತ್ತು ದಾಟಿದ ಮುದುಕಿ. ನಿಂತವರು ಅಲುಗುವಂತಿಲ್ಲ, ಉಸಿರೆತ್ತುವಂತಿಲ್ಲ, ಕಣ್ಣು ಮಾತ್ರ ನೋಡುತ್ತದೆ. ನಾನು ಸುಣ್ಣದಲ್ಲಿ ಬೆರಳು ಅದ್ದಿ ಅವಳ ಸೊಂಟದ ದಾರ ಹಿಡಿದೆ. ಮೊದಲ ಬೊಟ್ಟು ಇಡದೆ ಮುಂದೆ ಹೋದರೆ ಸಾಕಿತ್ತು. ಎರಡನೇ ಗಂಟೆಗೆ ನಾಲ್ಕು ಸಾವಿರ ದಿನ ಹೋಗಿ ನನ್ನ ಮಗಳಿಗೆ ಒಂದಲ್ಲ, ನೂರು ಚಾಪೆಯಷ್ಟು ನೆಲ. ಮಿಕ್ಕ ಆರು ಜನ ಬೇರೆ ಓಣಿಗಳಲ್ಲಿದ್ದರು. ಕೇಳುವವರಿರಲಿಲ್ಲ. ಬೆರಳಿನ ಸುಣ್ಣ ಒಣಗಿ ಬಿರುಕು ಬಿಡುವಷ್ಟು ಹೊತ್ತು ನಿಂತೆ. ತಿರುಮಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಕೋಪ ಇದ್ದಿದ್ದರೆ ಬಹುಶಃ ಬಿಟ್ಟೇ ಹೋಗುತ್ತಿದ್ದೆ. ಅಲ್ಲಿದ್ದದ್ದು ಭಯ. ನಾನು ಮತ್ತೆ ಬೆರಳು ಅದ್ದಿ ಬೊಟ್ಟು ಇಟ್ಟೆ. ಆಮೇಲೆ ಸಂಜೆಯ ತನಕ ನಡೆದು ಗಡಿಗೆಗೆ, ಹಗ್ಗಕ್ಕೆ, ಬೇಲಿಗೆ, ಒಂದೊಂದಕ್ಕೂ ಇಟ್ಟೆ. ಇಡುತ್ತ ಇಡುತ್ತ ಅಳುತ್ತಿದ್ದೆ.

ಎರಡನೇ ಗಂಟೆ ಹೊಡೆದು ನಾನು ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ತಿರುಮಕ್ಕ ಸಾಮಾನುಗಳ ಸಂದಿಯಲ್ಲಿ ನುಸುಳಿಕೊಂಡು ಬಾಗಿಲಿಗೆ ಬಂದಳು.

"ಸಾಕಿ, ಯಾಕೆ ಇಟ್ಟೆ ಬೊಟ್ಟು?"

"ಇಡದೆ ಇನ್ನೇನ್ ಮಾಡ್ಲಿ ತಿರುಮಕ್ಕ? ದಾರ ನಿನ್ನ ಸೊಂಟದಾಗೆ ಐತಲ್ಲ."

"ನಾನೇನು ಕೈ ಅಡ್ಡ ತರಂಗಿತ್ತಾ, ಕೂಗ್ಕೊಳ್ಳಂಗಿತ್ತಾ? ನೀನು ಬಿಟ್ಟು ಹೋಗಿದ್ರೆ ನೋಡೋರು ಯಾರಿದ್ರು?"

"ನಾನೇ ಇದ್ನಲ್ಲಕ್ಕ."

ಅವಳು ಒಳಗೆ ಗೋಡೆಗೆ ಒರಗಿ ಕೂತಿದ್ದ ಚೆಲುವಿಯ ಹೊಟ್ಟೆಯನ್ನು ನೋಡಿದಳು. "ಎಷ್ಟಾಯ್ತವ್ವ?" ಎಂದಳು.

"ಹನ್ನೊಂದು ತುಂಬ್ತು ಅಜ್ಜಿ," ಎಂದಳು ಚೆಲುವಿ.

ತಿರುಮಕ್ಕ ಹೊಸಿಲ ಮೇಲೆ ಕೂತು ಸೊಂಟದ ದಾರ ಸಡಿಲಿಸಿ ತೊಡೆಯ ಮೇಲೆ ಹಾಕಿಕೊಂಡಳು. "ನೀನು ಇವತ್ತು ನನ್ನ ಜೀವ ಉಳಿಸ್ದೆ ಕಣೇ ಸಾಕಿ. ಕಿತ್ಕೊಂಡಿದ್ರೆ ಸಾಯ್ತಿದ್ದೆ. ಕಿತ್ಕೊಳ್ಲಿಲ್ಲವಲ್ಲ, ಅದುಕ್ಕೇ ಈಗ ನಾನೇ ಬಿಚ್ತೀನಿ." ನಾನು ಅವಳ ಕಾಲು ಹಿಡಿಯಲು ಬಗ್ಗುವಷ್ಟರಲ್ಲಿ ಅವಳು ಗಂಟಿಗೆ ಕೈ ಹಾಕಿಯೇಬಿಟ್ಟಿದ್ದಳು.

ಕೈ ಹಾಕಿದ್ದು ಕೈಗೆ ಸಿಕ್ಕ ತುದಿಗೆ, ಎಂದರೆ ಕೊನೆಯ ಗಂಟಿಗೆ. ನಮ್ಮೂರಿನವರು ಅವಸರದಲ್ಲಿ ಮಾಡುವ ತಪ್ಪು ಇದೇ. ಆ ಗಂಟು ಅರ್ಧ ಬಿಚ್ಚಿಕೊಂಡು, ನಿನ್ನೆಯದೆಲ್ಲಿ ಎಂದು ಕೇಳುವಂತೆ ನಿಂತಿತು. ಅರ್ಧ ಬಿಚ್ಚಿದ ಕುಣಿಕೆಯನ್ನು ಬಿಡುವಂತಿಲ್ಲ, ಒಂದು ಬೆರಳಿಗೆ ಸಿಕ್ಕಿಸಿಕೊಂಡು ಹಿಂದಿನದಕ್ಕೆ ಹೋದಳು. ಅದೂ ಅರ್ಧಕ್ಕೆ ನಿಂತಿತು. ಅದಕ್ಕೆ ಅದರ ಹಿಂದಿನದು ಬೇಕು. ನಾನು ಲೋಟದಲ್ಲಿ ನೀರು ತರುವಷ್ಟರಲ್ಲಿ ಹತ್ತೂ ಬೆರಳಲ್ಲಿ ಕುಣಿಕೆ ತುಂಬಿ, ಮಣಿಕಟ್ಟಿಗೆ ಏರಿ, ಬೆರಳು ನೀಲಿಯಾಗಿದ್ದವು. ಬಳೆಗಾರರ ಮನೆಯ ಹಿರಿಯನೊಬ್ಬ ಹೀಗೇ ತುದಿಯಿಂದ ಬಿಚ್ಚಲು ಹೋಗಿ, ಕುಣಿಕೆ ಕತ್ತಿನ ತನಕ ಬಂದು, ಕೂತಲ್ಲೇ ಹೋದದ್ದನ್ನು ಅತ್ತೆ ಹೇಳುತ್ತಿದ್ದಳು. "ಕೈ ಅಲ್ಲಾಡಿಸ್ಬೇಡ ತಿರುಮಕ್ಕ!" ಎಂದು ಕೂಗಿದೆ. ಕೊನೆಯಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಕುಣಿಕೆಯನ್ನು ಮೊದಲು, ಅದರ ಹಿಂದಿನದನ್ನು ಆಮೇಲೆ, ಹೀಗೆ ಒಂದೊಂದನ್ನೇ ಮತ್ತೆ ಗಂಟು ಮಾಡುತ್ತ ಅವಳ ಕೈ ಬಿಡಿಸಿದೆ.

"ಅಯ್ಯೋ, ಇದು ಬಿಚ್ಚಲ್ವೇನೇ?" ಎಂದಳು, ಬೆರಳು ಉಜ್ಜಿಕೊಳ್ಳುತ್ತ.

"ಬಿಚ್ಚತ್ತೆ. ಮೊದಲ್ನೇ ಗಂಟಿಂದ ಬರ್ಬೇಕು. ಅದುಕ್ಕೆ ಹಿಂದಿನ ಗಂಟು ಅಂತ ಇಲ್ಲ, ಯಾರ್ನೂ ಕೇಳೋದು ಬೇಕಿಲ್ಲ."

ಮೊದಲ ಗಂಟನ್ನು ಹುಡುಕುವುದು ಗುಡಿಸುವವಳಿಗೆ ಮಾತ್ರ ಸಾಧ್ಯ. ಮಾರನೆಯ ದಿನ ಬೆಳಗಾದ ಕೂಡಲೇ ಇಬ್ಬರೂ ದಾರ ಹಿಡಿದು ಹೊರಟೆವು. ನಾನು ಮೂವತ್ತು ವರ್ಷ ಬೊಟ್ಟು ಇಟ್ಟ ಸಾಮಾನುಗಳ ನಡುವೆ ಅವಳು ಮೊದಲ ಸಲ ನಡೆದಳು. "ಇದು ನಮ್ಮ ಏಣಿ ಅಲ್ವೇನೇ!" ಎಂದು ಒಂದು ಕಡೆ, "ಈ ಪಂಚೆ, ಹರಿದಿದ್ದು, ನೋಡು ನೋಡು" ಎಂದು ಇನ್ನೊಂದು ಕಡೆ. ಕೊನೆಗೆ ಅವಳದೇ ಮನೆಯ ಹಿತ್ತಲಲ್ಲಿ, ಹಳೆಯ ಕಣಜದ ಹಿಂದೆ, ಮಸಿ ಹಿಡಿದ ಮೊದಲ ಗಂಟು ಸಿಕ್ಕಿತು. ಊರೆಲ್ಲ ಸುತ್ತಿ ಮನೆಗೇ ಬಂದಿದ್ದೆವು.

ಬಿಚ್ಚಿದಳು. ಮದುವೆಯಾದ ಮೂರನೇ ದಿನ, ಹೊಸ ಹೆಂಡತಿಯ ಎದುರು ಗತ್ತಿನಿಂದ ಕೂರಲು ಹೋದ ಬೋರಯ್ಯ ದೋಸೆಹಿಟ್ಟಿನ ಪಾತ್ರೆಯ ಮೇಲೆ ಕೂತಿದ್ದ. ಅಷ್ಟೇ. ಆದರೆ ಅದು ಅವಳ ಮುಖದ ಮೇಲೆ ಹಾಗೇ ಬಂತು, ಇವತ್ತು ನಡೆದಂತೆ. ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಕ್ಕು, "ಲಾಭ" ಎಂದಳು. ರಾಗಿ ಅಳೆಯುವವರು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ, ಅಳೆಯುವವನ ಹೆಂಡತಿಯಲ್ಲವೇ. ದೋಸೆಹಿಟ್ಟಿನ ಪಾತ್ರೆಯ ಮೇಲಿನ ದಾರ ಕಳಚಿ ನೆಲಕ್ಕೆ ಬಿತ್ತು. ಎರಡನೆಯದು ಬಿಚ್ಚಿದಳು, ಮೂರು ಎಂದಳು. ಮೂರನೆಯದಕ್ಕೆ ಮತ್ತೆ ಮೂರೇ, ಅವತ್ತು ನಕ್ಕಿರಲಿಲ್ಲ. ನಾಲ್ಕನೆಯದಕ್ಕೆ ಎಂಟು. ಕೈಯಲ್ಲಿ ಒಂದೇ ಸಂಖ್ಯೆ, ಎದುರಿಗೆ ಒಂದೇ ಗಂಟು. ಭಾರವೇ ಇರಲಿಲ್ಲ.

ಮೂರು ದಿನ ಬಿಚ್ಚಿದಳು. ಬೆಳಗಿನಿಂದ ಸಂಜೆಯ ತನಕ ನಾನು ಪಕ್ಕದಲ್ಲಿ ಕೂತು ಅವಳ ಬೆರಳಿಗೆ ಎಣ್ಣೆ ಹಚ್ಚುತ್ತಿದ್ದೆ, ಗಂಜಿ ಕುಡಿಸುತ್ತಿದ್ದೆ. ಆ ಹಿತ್ತಲಿನಿಂದ ಬರುವ ನಗು ಕೇಳಿ ಓಣಿಯವರು ಗೋಡೆಯ ಮೇಲೆ ತಲೆಯಿಟ್ಟು ನೋಡುತ್ತಿದ್ದರು. ಬೋರಯ್ಯ ಮೀಸೆಗೆ ಬೆಣ್ಣೆ ಎಂದು ಸುಣ್ಣ ಹಚ್ಚಿಕೊಂಡದ್ದು, ಅವನ ಅಕ್ಕ ಗೊರಕೆ ಹೊಡೆದು ತನ್ನ ಗೊರಕೆಗೇ ಬೆಚ್ಚಿ ಎದ್ದದ್ದು ಕೇಳಿ ನಮಗೂ ನಗು ತಡೆಯಲಾಗುತ್ತಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಒಂದು ಕಡೆ ಸಂಖ್ಯೆ ಏರುವುದು ನಿಂತಿತು. ಗಂಟಿನ ಮೇಲೆ ಗಂಟು ಬಿಚ್ಚಿದರೂ ಅದೇ ಸಂಖ್ಯೆ. ಅರವತ್ತೊಂದು ಗಂಟು ಹಾಗೇ. ಅಲ್ಲಿಂದ ದಾರ ಕಳಚಿದ್ದು ಒಂದು ತೊಟ್ಟಿಲಿನಿಂದ, ಬಟ್ಟೆ ಕಟ್ಟದ ತೊಟ್ಟಿಲು. ನಾನು ಅವಳ ಬೆರಳಿಗೆ ಮತ್ತೊಮ್ಮೆ ಎಣ್ಣೆ ಹಚ್ಚಿದೆ. ಅರವತ್ತೆರಡನೆಯ ಗಂಟಿನಲ್ಲಿ ಬೋರಯ್ಯ ತಾನೇ ರೊಟ್ಟಿ ತಟ್ಟಲು ಹೋಗಿ ಅದನ್ನು ಹೆಂಚಿನಿಂದ ಬಿಡಿಸಲಾರದೆ ಹೆಂಚು ಸಮೇತ ತಟ್ಟೆಗೆ ಹಾಕಿ ಅವಳ ಮುಂದೆ ಇಟ್ಟಿದ್ದ. ಅವಳು ಅಳುತ್ತಲೇ ನಕ್ಕಳು. "ಒಂದು ಏರ್ತು ನೋಡೇ," ಎಂದಳು. "ಅರವತ್ತೊಂದು ದಿವ್ಸ ಏನೂ ಇಲ್ದಿದ್ರೂ ಗಂಟು ಹಾಕೋದು ಬಿಟ್ಟಿಲ್ಲ ನೋಡು ಮಾರಾಯ."

ಆ ಸಂಜೆ ಬೆರಳು ಒತ್ತಿಸಿಕೊಳ್ಳುತ್ತ ಹೇಳಿದಳು: "ಸಾಕಿ, ಮೂವತ್ತು ವರ್ಷ ಇವನ್ನೆಲ್ಲ ಕಟ್ಟಿಟ್ಕೊಂಡಿದ್ದೆ ಕಣೇ. ಉಂಡಿರಲಿಲ್ಲ. ಈಗ ಉಂಡೆ."

ಮೂರನೆಯ ದಿನ ಹೊತ್ತು ನೆತ್ತಿಗೆ ಬರುವ ಮುಂಚೆ ಚೆಲುವಿಗೆ ನೋವು ಬಂತು. ಅಳಿಯ ಓಡಿ ಬಂದು, "ಅತ್ತೆ, ಈ ಸಲ ವಾಪಸ್ ಹೋಗ್ತಿಲ್ಲ" ಎಂದ. ಇನ್ನೂ ನೂರಿಪ್ಪತ್ತು ಗಂಟು ಉಳಿದಿದ್ದವು. ನಾನು ಎದ್ದು ಓಡುವವಳಿದ್ದೆ. ತಿರುಮಕ್ಕ, "ಕೂತ್ಕೋ, ಎಣ್ಣೆ ಹಚ್ಚು" ಎಂದಳು. ಕೂತೆ. ಆ ನೂರಿಪ್ಪತ್ತು ದಿನಗಳಲ್ಲಿ ಅವಳಿಗೆ ಒಂದೊಂದಕ್ಕೂ ಪೂರ್ತಿ ನಗಲು ಪುರುಸೊತ್ತಿರಲಿಲ್ಲ. ನನ್ನ ಮಗಳಿಗಾಗಿ ನಗುವನ್ನು ಬಾಯಲ್ಲೇ ನುಂಗುತ್ತ ಬಿಚ್ಚಿದಳು. ಕೊನೆಯ ಗಂಟು, ಮೂರು ದಿನದ ಹಿಂದೆ ಅವಳ ಕೈ ಕಟ್ಟಿಹಾಕಿದ್ದ ಅದೇ ಗಂಟು, ಈಗ ಎಳೆದರೆ ಸಾಕು ಎಂಬಂತೆ ಬಿಚ್ಚಿಕೊಂಡಿತು.

"ಒಂಬತ್ತು ಸಾವಿರದ ಇನ್ನೂರ ಹದಿನೇಳು," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಷ್ಟೊಂದು ನಕ್ಕಿದೀನೇನೇ ನಾನು?" ಎಂದಳು. ದಾರ ಅವಳ ತೊಡೆಯಿಂದ ಜಾರಿ ಬಿತ್ತು, ಅದರಲ್ಲಿ ಒಂದು ಗಂಟೂ ಇರಲಿಲ್ಲ.

ನಾನು ಗಂಟೆಯ ಕಟ್ಟೆಗೆ ಓಡಿದೆ. ಗಂಟೆ ಕಾಯುವ ದ್ಯಾವಣ್ಣ ನಿಯಮದ ಮನುಷ್ಯ.

"ಅಮಾವಾಸ್ಯೆ ಮುಗ್ದು ನಾಕು ದಿನ ಆಗಿಲ್ಲ, ಈಗೆಂಥ ಗಂಟೆ ಸಾಕಮ್ಮ?"

"ಜಾಗ ಬೇಕಾದಾಗ ಗುಡಿಸ್ಬೇಕು ಕಣಣ್ಣ, ತಿಥಿ ನೋಡ್ಕೊಂಡು ಅಲ್ಲ. ಹೊಡಿ!"

"ಊರವ್ರು ಬೈದ್ರೆ?"

"ಬಾಯಿ ತೆಗೆಯೋಷ್ಟರಲ್ಲಿ ನಿಂತಿರ್ತಾರಲ್ಲ, ಹೆಂಗೆ ಬೈತಾರೆ?"

ದ್ಯಾವಣ್ಣ ನಕ್ಕುಬಿಟ್ಟ, ಹೊಡೆದ. ಉರಿಬಿಸಿಲಿನಲ್ಲಿ ಊರು ನಿಂತಿತು. ನಾನು ಮನೆಯ ಮುಂದೆ ಹಾಯುವಾಗ ಒಳಗೆ ನೋಡಿದೆ. ಚೆಲುವಿ ತೊಲೆಗೆ ಕಟ್ಟಿದ ಹೆರಿಗೆಯ ಹಗ್ಗ ಹಿಡಿದು ಬಾಯಿ ತೆರೆದವಳು ಹಾಗೇ ನಿಂತಿದ್ದಳು. ಗಂಟೆ ಹೊಡೆದಾಗ ನೋವೂ ನಿಲ್ಲುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಅವಳ ಕಣ್ಣು ನನ್ನ ಜೊತೆಯೇ ಬಂತು. ಏಳು ಜನ ಓಡಿ ಓಡಿ ಬೊಟ್ಟು ಇಟ್ಟೆವು. ಇಡಬೇಕಾದದ್ದು ಎಷ್ಟು ಕಡಿಮೆಯಾಗಿತ್ತೆಂದರೆ ಕುಡಿಕೆಯ ಸುಣ್ಣ ಅರ್ಧವೂ ಮುಗಿಯಲಿಲ್ಲ. ಬಾವಿಕಟ್ಟೆಯ ಹತ್ತಿರ ಆಡಿನ ಹಗ್ಗ ಸಿಕ್ಕಿತು, ಬೆರಳು ಅಭ್ಯಾಸದಿಂದ ಅದರ ಕಡೆ ಹೋಯಿತು. ಅದಕ್ಕೆ ದಾರ ಇರಲಿಲ್ಲ. ಬೊಟ್ಟಿಡದೆ ದಾಟಿದೆ.

ಎರಡನೇ ಗಂಟೆ ಹೊಡೆಯಿತು. ಊರು ಇದ್ದಕ್ಕಿದ್ದಂತೆ ಅಗಲವಾಯಿತು. ಓಣಿಯ ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುತ್ತಿತ್ತು. ನಮ್ಮಲ್ಲಿ ಎಷ್ಟೋ ಜನ ಆ ತುದಿಯನ್ನು ನೋಡಿಯೇ ಇರಲಿಲ್ಲ. ಬೈಯಲು ಬಾಯಿ ತೆರೆದಿದ್ದವರೆಲ್ಲ ತೆರೆದ ಬಾಯಿಯಲ್ಲೇ ನೋಡುತ್ತಿದ್ದರು. ನಮ್ಮ ಮನೆಯ ಒಳಗಿಂದ ಚೆಲುವಿಯ ಕೂಗು ಕೇಳಿಸಿತು. ಬಾಗಿಲ ಪಕ್ಕದ ಬರಿ ನೆಲದ ಮೇಲೆ ಚಾಪೆ ಹಾಸಿದೆವು. ಬಿಸಿಲು ಇಳಿಯುವ ಹೊತ್ತಿಗೆ ನನ್ನ ಮೊಮ್ಮಗಳು ಹುಟ್ಟಿದಳು, ಹನ್ನೊಂದು ತಿಂಗಳ ದೊಡ್ಡ ಕೂಸು, ತಲೆ ತುಂಬ ಕೂದಲು.

ತೊಳೆದು ಬಟ್ಟೆ ಸುತ್ತಿ ಮೊದಲು ಕೊಟ್ಟದ್ದು ತಿರುಮಕ್ಕನ ಮಡಿಲಿಗೆ. "ಅಕ್ಕ," ಎಂದೆ. ಅವಳ ಸೊಂಟ ಬರಿದಾಗಿತ್ತು, ಹಿಂದಿನ ದಿನಗಳದೆಂದು ಊರಿನಲ್ಲಿ ಒಂದು ಗಡಿಗೆಯೂ ಉಳಿದಿರಲಿಲ್ಲ. ನಾನು ಅವಳಿಂದ ಎಷ್ಟೊಂದು ತೆಗೆದುಕೊಂಡೆ ಎನಿಸಿತು. ಅವಳು ಕೂಸನ್ನೇ ನೋಡುತ್ತಿದ್ದಳು. ಕೂಸು ಕಣ್ಣು ಮುಚ್ಚಿಕೊಂಡೇ ಆಕಳಿಸಿ, ಆ ಆಕಳಿಕೆಗೆ ತಾನೇ ಗಾಬರಿಯಾಗಿ ಎರಡೂ ಕೈ ಮೇಲೆತ್ತಿತು. ತಿರುಮಕ್ಕ ನಕ್ಕಳು. ಮೂರು ದಿನದಿಂದ ಕೇಳಿದ್ದ ಯಾವ ನಗುವಿನಂತೆಯೂ ಇರಲಿಲ್ಲ ಅದು. ಹೊಚ್ಚ ಹೊಸದು. ಇದನ್ನು ಕಳೆದುಕೊಳ್ಳಬಾರದು, ಬೋರಯ್ಯನ ಬದಲು ನಾನಾದರೂ ಇಟ್ಟುಕೊಡಬೇಕು ಎಂದು ನಾನು ಮೊಣಕಾಲೂರಿ, ಹೊಕ್ಕುಳ ಕಟ್ಟಲು ತಂದು ಉಳಿದಿದ್ದ ದಾರ ಎತ್ತಿಕೊಂಡು ಗಂಟು ಹಾಕಲು ಹೋದೆ.

ತಿರುಮಕ್ಕ ನನ್ನ ಕೈ ಮೇಲೆ ಮೆತ್ತಗೆ ಒಂದೇಟು ಕೊಟ್ಟಳು.

"ಕಟ್ಟಬೇಡ ಬಿಡೇ," ಎಂದಳು. "ನಕ್ಕಾಯ್ತಲ್ಲ."